ಹತ್ತನೆಯ ತರಗತಿಯ ಹಂಬಲಗಳು

ಪ್ರೌಢಶಾಲೆಯ ಹತ್ತನೆಯ ತರಗತಿಯೆಂಬುದು ಊರ ಅಗಸೆಯ ಬಾಗಿಲಿನಂಥದು. ಅಲ್ಲಿಯವರೆಗೆ ಮಕ್ಕಳೆಲ್ಲರೂ ಒಂದೇ ಬೀದಿಯಲ್ಲಿ ಕೂಡಿ ನಡೆದು ಬಂದಿರುತ್ತಾರೆ. ಒಂದೇ ಗಂಟೆಯ ದನಿಗೆ ಎದ್ದು, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಒಂದೇ ಹಲಗೆಯನ್ನು ನೋಡಿ ಬರೆದುಕೊಂಡಿರುತ್ತಾರೆ. ಅಗಸೆಯನ್ನು ದಾಟಿದೊಡನೆ ದಾರಿಗಳು ಕವಲೊಡೆಯುತ್ತವೆ. ಒಬ್ಬನದು ಪಟ್ಟಣದ ದಾರಿ, ಇನ್ನೊಬ್ಬನದು ಹೊಲದ ದಾರಿ. ಒಬ್ಬಳದು ಕಾಲೇಜಿನ ದಾರಿ, ಮತ್ತೊಬ್ಬಳ ದಾರಿಯನ್ನು ಮನೆಯ ಹಿರಿಯರು ಇನ್ನೂ ಗೊತ್ತುಮಾಡಿರುವುದಿಲ್ಲ. ಆದುದರಿಂದಲೇ ಫೆಬ್ರವರಿ ತಿಂಗಳಿನಲ್ಲಿ, ಪೂರ್ವಸಿದ್ಧತಾ ಪರೀಕ್ಷೆ ಮುಗಿದು ಬೀಳ್ಕೊಡುಗೆಯ ಸಮಾರಂಭಕ್ಕೆ ಇನ್ನು ಎಂಟು ದಿನ ಇರುವಾಗ, ಆ ತರಗತಿಯ ಕೋಣೆಯಲ್ಲಿ ಬೇರೊಂದು ಗಾಳಿ ಬೀಸತೊಡಗುತ್ತದೆ. ವರ್ಷವಿಡೀ ಜಗಳವಾಡಿದವರು ಪೆನ್ನು ಹಂಚಿಕೊಳ್ಳುತ್ತಾರೆ. ಗಣಿತದ ಅಧ್ಯಾಪಕರ ಹೆಸರು ಕೇಳಿದರೆ ನಡುಗುತ್ತಿದ್ದವನು ಅವರ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳಲು ಹವಣಿಸುತ್ತಾನೆ.

ಆ ದಿನಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಿಂದಲೂ ಎರಡು ಬಗೆಯ ಬರೆಹಗಳು ಹೊರಡುತ್ತವೆ. ಒಂದು, 'ನನ್ನ ಬಾಳಿನ ಗುರಿ' ಎಂಬ ಪ್ರಬಂಧ. ಇದನ್ನು ಅಧ್ಯಾಪಕರು ಬರೆಯಿಸುತ್ತಾರೆ, ವಿದ್ಯಾರ್ಥಿಗಳು ಬರೆಯುತ್ತಾರೆ, ತಂದೆತಾಯಿಗಳು ಕಂಡರೆ ಸಂತೋಷಪಡುತ್ತಾರೆ. ಮತ್ತೊಂದು, ಗೆಳೆಯರು ಪರಸ್ಪರ ಬರೆದುಕೊಡುವ ಆಟೋಗ್ರಾಫ್ ಪುಸ್ತಕದ ಹಾಳೆ. ಎಲ್ಲರ ಕೈಗೂ ಫೋನು ಬಂದಿರುವ ಈ ಕಾಲದಲ್ಲಿಯೂ ಆ ಬಣ್ಣಬಣ್ಣದ ಹಾಳೆಗಳ ಪುಟ್ಟ ಪುಸ್ತಕ ಮರೆಯಾಗಿಲ್ಲ. ಪ್ರಬಂಧವು ಹಿರಿಯರ ಕಣ್ಣಿಗಾಗಿ ಬರೆದುದು. ಆಟೋಗ್ರಾಫ್ ಪುಸ್ತಕವು ಓರಗೆಯವರ ಕಣ್ಣಿಗೆ ಕಂಡುದು. ಮಗುವಿನ ನಿಜವಾದ ಒಲವು ಯಾವುದೆಂದು ತಿಳಿಯಬೇಕಾದರೆ ಎರಡನೆಯದನ್ನೇ ಓದಬೇಕು. ಶಾಲೆಗಳು ಇದುವರೆಗೆ ಮೊದಲನೆಯದಕ್ಕೆ ಮಾತ್ರ ಅಂಕ ಕೊಡುತ್ತ ಬಂದಿವೆ. ಇದರಿಂದ ಆಗುತ್ತಿರುವ ನಷ್ಟವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಇದಕ್ಕಾಗಿ ಒಂದು ತರಗತಿಯ ಕೆಲವರನ್ನು ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಹೆಸರುಗಳನ್ನು ಹೇಳುವುದು ಉಚಿತವಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಹಳೆಯ ವಿದ್ಯಾರ್ಥಿಗಳಾದ ಓದುಗರು ಬಿಟ್ಟ ಸ್ಥಳಗಳಲ್ಲಿ ತಮ್ಮ ತಮ್ಮ ಕಾಲದ ಹೆಸರುಗಳನ್ನು ತುಂಬಿಕೊಳ್ಳಬಹುದು. ವರುಷಗಳು ಕಳೆದರೂ, ಬೆಂಚುಗಳು ಬದಲಾದರೂ, ಬೆಂಚಿನ ಮೇಲೆ ಕೂಡುವ ಬಗೆಗಳು ಬದಲಾಗುವುದಿಲ್ಲ.

ಪ್ರಬಂಧಗಳ ಕಟ್ಟನ್ನು ಬಿಚ್ಚಿದರೆ ಮೊದಲು ಕಾಣುವುದು ಇದು: ತರಗತಿಯ ಅರ್ಧಕ್ಕಿಂತ ಹೆಚ್ಚು ಜನ ವೈದ್ಯರಾಗುವವರು ಅಥವಾ ಕಂಪ್ಯೂಟರ್ ಇಂಜಿನಿಯರಾಗುವವರು. ಉಳಿದವರಲ್ಲಿ ಕೆಲವರು ಜಿಲ್ಲಾಧಿಕಾರಿಗಳು, ಕೆಲವರು ಪೊಲೀಸ್ ಅಧಿಕಾರಿಗಳು, ಕೆಲವರು ಸೈನಿಕರು. ಅಧ್ಯಾಪಕರಾಗಬಯಸಿದವರು ಇಬ್ಬರೇ. ಅವರಲ್ಲಿ ಒಬ್ಬಳು ಕೊಟ್ಟ ಕಾರಣವೆಂದರೆ ಬೇಸಿಗೆಯ ರಜೆ. ಈ ಪ್ರಬಂಧವನ್ನು ಅಧ್ಯಾಪಕರ ಕೊಠಡಿಯಲ್ಲಿ ಗಟ್ಟಿಯಾಗಿ ಓದಿದಾಗ ಎಲ್ಲರೂ ನಕ್ಕರು. ಆ ಬೇಸಿಗೆಯಲ್ಲಿ ಮೌಲ್ಯಮಾಪನಕ್ಕೆ ಹೋಗಬೇಕಾಗಿದ್ದವರು ಸ್ವಲ್ಪ ಕಡಿಮೆ ನಕ್ಕರು.

ಮೊದಲ ಬೆಂಚಿನ ಭಾವೀ ವೈದ್ಯನಿಂದಲೇ ಆರಂಭಿಸಬಹುದು. ಇವನ ಅಕ್ಷರ ಈಗಲೇ ಯಾರಿಗೂ ಓದಲು ಬರುವುದಿಲ್ಲವಾದ್ದರಿಂದ ವೈದ್ಯಲಕ್ಷಣದ ಅರ್ಧ ಸಿದ್ಧಿಸಿದೆಯೆಂದು ಗೆಳೆಯರ ಅಭಿಪ್ರಾಯ. ಉಳಿದರ್ಧಕ್ಕೆ ಒಂದು ತೊಡಕಿದೆ. ಆರೋಗ್ಯ ಇಲಾಖೆಯವರು ಲಸಿಕೆ ಹಾಕಲು ಬಂದ ದಿನ ಇವನು ನೀರಿನ ತೊಟ್ಟಿಯ ಹಿಂದೆ ಅಡಗಿದ್ದನು. ಹುಡುಕಿ ತಂದಾಗ ಸೂಜಿ ತಾಗುವ ಮೊದಲೇ ಕಣ್ಣು ತೇಲಿಸಿದನು. ಅಂದಿನಿಂದ ಇವನಿಗೆ 'ವೈದ್ಯಾಧಿರಾಜ' ಎಂಬ ಬಿರುದು. ಆದರೆ ಅವನ ಆಟೋಗ್ರಾಫ್ ಪುಸ್ತಕದಲ್ಲಿ ಪ್ರಸಾದನಿಲಯದ ಗೆಳೆಯನೊಬ್ಬನು ಬರೆದ ಮಾತು ಬೇರೆಯಾಗಿದೆ. ಒಂದು ರಾತ್ರಿ ಜ್ವರ ಬಂದು ಮಲಗಿದ್ದ ತನ್ನ ಹಣೆಗೆ ಇವನು ಬೆಳಗಿನವರೆಗೆ ಒದ್ದೆ ಬಟ್ಟೆಯನ್ನು ಇಟ್ಟುಕೊಂಡು ಕುಳಿತಿದ್ದನ್ನು ಆ ಗೆಳೆಯ ಮರೆತಿಲ್ಲ. ಸೂಜಿಗೆ ಅಂಜಿದ ಹುಡುಗ ಜ್ವರಕ್ಕೆ ಅಂಜಲಿಲ್ಲ. ಪ್ರಬಂಧದಲ್ಲಿ ಇದರ ಪ್ರಸ್ತಾಪವೇ ಇಲ್ಲ; ಅಲ್ಲಿ ಇರುವುದು 'ಕೀರ್ತಿ' ಮತ್ತು 'ಸಮಾಜದಲ್ಲಿ ಗೌರವ' ಎಂಬ ಎರಡು ಶಬ್ದಗಳು. 2024ರಲ್ಲಿ ವೈದ್ಯಕೀಯ ಪ್ರವೇಶಕ್ಕಾಗಿ ನಡೆದ ನೀಟ್ ಪರೀಕ್ಷೆಯನ್ನು ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು, ಎಂ.ಬಿ.ಬಿ.ಎಸ್. ಸೀಟುಗಳು ಇದ್ದುದು ಸುಮಾರು 1 ಲಕ್ಷ 10 ಸಾವಿರ. ಇಪ್ಪತ್ತು ಮಂದಿಯಲ್ಲಿ ಒಬ್ಬನಿಗೆ ಬಾಗಿಲು ತೆರೆದರೆ ಹತ್ತೊಂಬತ್ತು ಮಂದಿ ಹೊರಗುಳಿಯುತ್ತಾರೆ. ಹಾಗೆ ಉಳಿದಾಗ ಈ ಹುಡುಗ ತಾನು ಸೋತೆನೆಂದು ತಿಳಿಯಬಾರದು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಎಚ್ಚರವಿರುವ ಕೈಗೆ ಶುಶ್ರೂಷೆಯ ವಿದ್ಯೆಯುಂಟು, ಔಷಧಶಾಸ್ತ್ರವುಂಟು, ಪ್ರಯೋಗಾಲಯದ ಕೆಲಸವುಂಟು. ಅವನ ಒಲವು ನಿಜವಾಗಿ ಇರುವುದು ಹಾಸಿಗೆಯ ಪಕ್ಕದಲ್ಲಿ ಎಂಬುದನ್ನು ಅವನಿಗೆ ಇಂದೇ ಹೇಳಬೇಕಾದವರು ಯಾರು?

ಮೂರನೆಯ ಬೆಂಚಿನ ಭಾವೀ ಕಂಪ್ಯೂಟರ್ ಇಂಜಿನಿಯರನು ಕಂಡದ್ದನ್ನೆಲ್ಲ ಬಿಚ್ಚುವವನು. ಗೋಡೆಯ ಗಡಿಯಾರ, ಪ್ರಸಾದನಿಲಯದ ಮಿಕ್ಸಿ, ಆಟದ ಕೋಣೆಯ ಬೀಗ ಇವನ ಕೈಗೆ ಸಿಕ್ಕು ಬಿಚ್ಚಿಕೊಳ್ಳದೆ ಉಳಿದುದಿಲ್ಲ. ಪ್ರಾರ್ಥನೆಯ ಮೈಕು ಕರಕರ ಎನ್ನುತ್ತಿದೆಯೆಂದು ಒಮ್ಮೆ ಅದನ್ನೂ ಬಿಚ್ಚಿ, ಮರಳಿ ಜೋಡಿಸಿದನು. ಮೈಕು ಸ್ಪಷ್ಟವಾಗಿ ಮಾತನಾಡಿತು; ಆದರೆ ಒಂದು ಸ್ಕ್ರೂ ಹೊರಗೆ ಉಳಿಯಿತು. ಅದು ಇಂದಿಗೂ ಅವನ ಕಂಪಾಸ್ ಪೆಟ್ಟಿಗೆಯಲ್ಲಿದೆ, ಮೈಕು ಇಂದಿಗೂ ಮಾತನಾಡುತ್ತಿದೆ. ಆ ಸ್ಕ್ರೂ ಮೊದಲು ಎಲ್ಲಿತ್ತೆಂಬುದು ಶಾಲೆಯ ಬಿಡಿಸಲಾಗದ ಒಗಟುಗಳಲ್ಲಿ ಒಂದು. ಇವನು ಕಂಪ್ಯೂಟರ್ ಇಂಜಿನಿಯರ್ ಎಂದು ಬರೆಯಲು ಕಾರಣ ಬೆಂಗಳೂರಿನಲ್ಲಿರುವ ಸೋದರಮಾವ. ತೋಟದ ಪಂಪುಸೆಟ್ಟು ನಿಂತಾಗ ಪಕ್ಕದ ಹಳ್ಳಿಯವರು ಹುಡುಕಿಕೊಂಡು ಬರುವುದು ಮಾತ್ರ ಈ ಸೋದರಳಿಯನನ್ನು. ಮೋಟಾರು ವೈಂಡಿಂಗನ್ನೋ ಯಂತ್ರದ ಕೆಲಸವನ್ನೋ ಐ.ಟಿ.ಐ.ಯಲ್ಲಿ ಕಲಿಯಲೇ ಎಂದು ಒಮ್ಮೆ ಅವನು ಮನೆಯಲ್ಲಿ ಕೇಳಿದಾಗ, ಅದು ಫೇಲಾದವರ ಓದೆಂದು ಉತ್ತರ ಬಂದಿತು. ಮರುದಿನ ಅವನು ಪ್ರಬಂಧ ಬರೆದನು.

ಭಾವೀ ಜಿಲ್ಲಾಧಿಕಾರಿ ತರಗತಿಯ ನಾಯಕಿ. ಅಧ್ಯಾಪಕರಿಲ್ಲದ ಹೊತ್ತಿನಲ್ಲಿ ಮಾತನಾಡಿದವರ ಹೆಸರುಗಳನ್ನು ಹಲಗೆಯ ಮೇಲೆ ಬರೆಯುವುದು ಇವಳ ಆಡಳಿತ. ಗೆಳತಿಯರೆಂದು ಬಿಡುವುದಿಲ್ಲ, ಮೂಲಂಗಿ ಪರೋಟ ಕೊಟ್ಟರೂ ಅಳಿಸುವುದಿಲ್ಲ. ಒಮ್ಮೆ ಗಲಾಟೆಯನ್ನು ನಿಲ್ಲಿಸಲು ತಾನೇ ಗಟ್ಟಿಯಾಗಿ ಕೂಗಿ, ಕೂಗಿದ್ದೂ ಮಾತೇ ಅಲ್ಲವೇ ಎಂದು ಹಿಂದಿನ ಬೆಂಚಿನವರು ಆಕ್ಷೇಪಿಸಲು, ಒಂದು ಕ್ಷಣ ಯೋಚಿಸಿ ಪಟ್ಟಿಯ ಕೊನೆಯಲ್ಲಿ ತನ್ನ ಹೆಸರನ್ನೂ ಬರೆದಳು. ಅಂದಿನ ಶಿಕ್ಷೆಯಾಗಿ ಎಲ್ಲರೊಡನೆ ಅಂಗಳದ ಕಸವನ್ನೂ ಗುಡಿಸಿದಳು. 2023ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಇಡೀ ದೇಶದಿಂದ ಎಲ್ಲ ಸೇವೆಗಳಿಗೂ ಸೇರಿ ಆಯ್ಕೆಯಾದವರು 1,016 ಮಂದಿ. ಆ ಪಟ್ಟಿಯಲ್ಲಿ ಹೆಸರು ಬರುವುದು ಕಷ್ಟ. ತಾನು ಮಾಡಿದ ತಪ್ಪಿನ ಪಟ್ಟಿಯಲ್ಲಿ ತನ್ನ ಹೆಸರನ್ನು ತಾನೇ ಬರೆಯುವುದು ಅದಕ್ಕಿಂತಲೂ ಕಷ್ಟ. ಎರಡನೆಯದನ್ನು ಅವಳು ಆಗಲೇ ಸಾಧಿಸಿದ್ದಾಳೆ. ಗ್ರಾಮ ಪಂಚಾಯಿತಿಗೆ ಹೋದರೂ ಸಹಕಾರಿ ಸಂಘಕ್ಕೆ ಹೋದರೂ ಆ ಗುಣ ಅವಳೊಡನೆ ಹೋಗುತ್ತದೆ.

ಪೊಲೀಸ್ ಅಧಿಕಾರಿಯಾಗಬೇಕೆಂದವನು ಕೊನೆಯ ಬೆಂಚಿನವನು. ಶಾಲೆಯ ತೋಟದ ಪೇರಲ ಹಣ್ಣುಗಳು ಮಾಯವಾದ ಪ್ರಕರಣದಲ್ಲಿ ಮುಖ್ಯೋಪಾಧ್ಯಾಯರು ತನಿಖೆಗೆ ನೇಮಿಸಿದ್ದು ಇವನನ್ನೇ. ತನಿಖೆ ಮೂರು ವಾರ ನಡೆಯಿತು. ಅಷ್ಟರಲ್ಲಿ ಉಳಿದ ಹಣ್ಣುಗಳೂ ಮಾಯವಾದವು. ಅಪರಾಧಿ ಬಹಳ ಚತುರನೆಂದು ವರದಿ ಒಪ್ಪಿಸಿ ಇವನು ಕೈತೊಳೆದುಕೊಂಡನು. ಆದರೂ ಐದನೆಯ ತರಗತಿಯ ಮಕ್ಕಳಿಂದ ದೊಡ್ಡ ಹುಡುಗರು ಚೆಂಡು ಕಿತ್ತುಕೊಂಡಾಗ ಅವರು ಅಳುತ್ತ ಓಡಿಬರುವುದು ಅಧ್ಯಾಪಕರ ಬಳಿಗಲ್ಲ, ಇವನ ಬಳಿಗೆ. ಇದನ್ನು ಮುಖ್ಯೋಪಾಧ್ಯಾಯರು ಅರಿತಿರಬೇಕು. ನಡತೆಯ ಪ್ರಮಾಣಪತ್ರದಲ್ಲಿ 'ಉತ್ತಮ' ಎಂದೇ ಬರೆದಿದ್ದಾರೆ.

ವಕೀಲನಾಗುವವನೊಬ್ಬನಿದ್ದಾನೆ. ಗೈರುಹಾಜರಿಗೆ ಕಾರಣ ಕೇಳಿದರೆ ಹಾಜರಾತಿಯೆಂದರೇನು ಎಂಬಲ್ಲಿಂದ ಆರಂಭಿಸುತ್ತಾನೆ. ದೇಹ ಮನೆಯಲ್ಲಿದ್ದರೂ ಮನಸ್ಸು ತರಗತಿಯಲ್ಲಿತ್ತೆಂದು ವಾದಿಸಿದಾಗ, ಹಾಗಾದರೆ ಊಟಕ್ಕೂ ಮನಸ್ಸನ್ನೇ ಕಳುಹಿಸೆಂದು ಅಧ್ಯಾಪಕರು ತೀರ್ಪು ಕೊಟ್ಟರು. ಇವನ ಹಂಬಲವನ್ನು ಕುರಿತು ಒಂದು ಮಾತು ಹೇಳಬಹುದು. ಫ. ಗು. ಹಳಕಟ್ಟಿಯವರು (1880–1964) ವೃತ್ತಿಯಿಂದ ವಕೀಲರು. ವಿಜಯಪುರದಲ್ಲಿ ವಕಾಲತ್ತು ನಡೆಸಿದರು. ಆದರೆ ಕನ್ನಡಿಗರು ಅವರನ್ನು ನೆನೆಯುವುದು ಯಾವ ಮೊಕದ್ದಮೆಗಾಗಿಯೂ ಅಲ್ಲ. ಮನೆಮನೆಗಳಲ್ಲಿ ಗೆದ್ದಲಿನ ಪಾಲಾಗುತ್ತಿದ್ದ ಓಲೆಗರಿಗಳನ್ನು ಅರಸಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿ, ಮುಂದೆ ಮುದ್ರಣಾಲಯವನ್ನೂ ಸ್ಥಾಪಿಸಿ, ಗಳಿಸಿದುದನ್ನೆಲ್ಲ ಅದಕ್ಕೇ ಸುರಿದುದಕ್ಕಾಗಿ. ಪದವಿಯು ಒಂದು, ಬಾಳಿನ ಕೆಲಸವು ಮತ್ತೊಂದು ಆದುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ತರಗತಿಯ ಕವಯಿತ್ರಿಯನ್ನು ಮರೆತರೆ ಅವಳು ಅದರ ಮೇಲೆಯೇ ಒಂದು ಪದ್ಯ ಕಟ್ಟುತ್ತಾಳೆ. ಛಂದಸ್ಸಿನ ಪಾಠ ಮುಗಿದ ವಾರವೇ ಇವಳು ಪ್ರಸಾದನಿಲಯದ ಉಪ್ಪಿಟ್ಟಿನ ಮೇಲೆ ಕಂದಪದ್ಯವೊಂದನ್ನು ರಚಿಸಿದಳು. ಕಂದದ ಎರಡನೆಯ ಪಾದದಲ್ಲಿ ನಾಲ್ಕು ಮಾತ್ರೆಯ ಐದು ಗಣಗಳು, ಒಟ್ಟು 20 ಮಾತ್ರೆಗಳಿರಬೇಕು. ಇವಳದರಲ್ಲಿ 22 ಇದ್ದವು. ಉಪ್ಪಿಟ್ಟಿನಲ್ಲಿ ಉಪ್ಪು ಹೆಚ್ಚಾದಂತೆ ಪದ್ಯದಲ್ಲಿ ಮಾತ್ರೆ ಹೆಚ್ಚಾಯಿತೆಂದೂ, ವಸ್ತುವಿಗೂ ರೂಪಕ್ಕೂ ಇಂಥ ಹೊಂದಾಣಿಕೆ ಅಪರೂಪವೆಂದೂ ವಿಮರ್ಶೆ ಬಂದಿತು. ಇವಳು ಪ್ರಬಂಧದಲ್ಲಿ ಬರೆದದ್ದು ಬ್ಯಾಂಕ್ ಅಧಿಕಾರಿಯೆಂದು. ಕವಿತೆಯನ್ನು ಗುರಿಯೆಂದು ಬರೆಯಬಹುದೆಂಬುದು ಇವಳಿಗೆ ತೋಚಲಿಲ್ಲ, ತೋಚಿದ್ದರೂ ಧೈರ್ಯವಾಗುತ್ತಿರಲಿಲ್ಲ. ಕುವೆಂಪು ಅವರು ಎಳವೆಯಲ್ಲಿ ಇಂಗ್ಲಿಷಿನ ಕವಿಯಾಗಲು ಹಂಬಲಿಸಿದವರು; 1922ರಲ್ಲಿ ಅವರ ಮೊದಲ ಕವನಗಳು ಪ್ರಕಟವಾದುದು ಆ ಭಾಷೆಯಲ್ಲಿಯೇ. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ಅವುಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಸಲಹೆ ಮಾಡಿದರು. ಆ ಹುಡುಗನ ಹಂಬಲವನ್ನು ಕಸಿನ್ಸ್ ಹೊಗಳಿ ಕಳುಹಿಸಲಿಲ್ಲ, ಹಳಿದು ಕಳುಹಿಸಲೂ ಇಲ್ಲ. ಅದರ ಮುಖವನ್ನು ತಿರುಗಿಸಿದರು. ಕನ್ನಡಕ್ಕೆ ಮೊದಲನೆಯ ಜ್ಞಾನಪೀಠ ಪ್ರಶಸ್ತಿ ಬಂದದ್ದು ಆ ತಿರುವಿನಿಂದ. ಅಧ್ಯಾಪಕನಾದವನು ಹಂಬಲದ ಮುಂದೆ ಹೇಗೆ ನಿಲ್ಲಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಹಾಡುವ ಹುಡುಗನೊಬ್ಬನು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದಲ್ಲಿ ತೇರ್ಗಡೆಯಾಗಲಿಲ್ಲ. ಇವನು ಮಗ್ಗಿಯನ್ನು ಯಾವ ರಾಗದಲ್ಲಿಯಾದರೂ ಹಾಡಬಲ್ಲನು. ಗುಣಲಬ್ಧ ಮಾತ್ರ ಪ್ರತಿ ರಾಗಕ್ಕೂ ಬದಲಾಗುತ್ತದೆ. ಹತ್ತನೆಯ ತರಗತಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಇರುವುದರಿಂದ ಇವನು ದಾಟುತ್ತಾನೆಂಬ ಭರವಸೆಯುಂಟು, ದಾಟಲೂ ಬೇಕು. ಆದರೆ 625 ಅಂಕಗಳ ಆ ಪಟ್ಟಿಯಲ್ಲಿ ಇವನ ಕಂಠಕ್ಕೆ ಒಂದು ಅಂಕವೂ ಇಲ್ಲ. ಧಾರವಾಡದ ಬಳಿಯ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರು ಚಿಕ್ಕಂದಿನಲ್ಲಿಯೇ ಶಾಲೆಯನ್ನು ಬಿಟ್ಟು ನಾಟಕ ಕಂಪನಿಯನ್ನು ಸೇರಿದವರು, 1992ರಲ್ಲಿ ಪದ್ಮವಿಭೂಷಣರಾದರು. ಎಲ್ಲರೂ ಶಾಲೆ ಬಿಡಲಿ ಎಂಬುದು ಇದರ ತಾತ್ಪರ್ಯವಲ್ಲ. ಒಂದು ಪ್ರತಿಭೆಗೆ ಮನ್ನಣೆ ದೊರೆಯಲು ಶಾಲೆಯಿಂದ ಹೊರಗೆ ಹೋಗಬೇಕಾಗಿ ಬರಬಾರದು ಎಂಬುದು ತಾತ್ಪರ್ಯ.

ಇಲ್ಲಿಯವರೆಗಿನ ಮಾತು ನಗೆಯಿಂದ ಸಾಗಿತು. ಇನ್ನಿಬ್ಬರ ವಿಷಯದಲ್ಲಿ ನಗೆ ಅಷ್ಟು ಸುಲಭವಲ್ಲ.

ಐದನೆಯ ಬೆಂಚಿನ ಗೋಡೆಯ ಬದಿಗೆ ಕೂಡುವ ಹುಡುಗನು ಸೋಮವಾರಗಳಲ್ಲಿ ತಡವಾಗಿ ಬರುತ್ತಾನೆ. ಭಾನುವಾರ ಹೊಲಕ್ಕೆ ಹೋದವನು ಮೊದಲ ಬಸ್ಸನ್ನು ತಪ್ಪಿಸಿಕೊಂಡಿರುತ್ತಾನೆ. ಕ್ರಿಕೆಟ್ ಪಂದ್ಯಕ್ಕೆ ಮೊದಲು ಗೆಳೆಯರು ಮಳೆ ಬರುವುದೋ ಇಲ್ಲವೋ ಎಂದು ಕೇಳುವುದು ಇವನನ್ನೇ. ಪಡುವಣ ಮೋಡವನ್ನೊಮ್ಮೆ, ಇರುವೆಯ ಸಾಲನ್ನೊಮ್ಮೆ ನೋಡಿ ಗಂಭೀರವಾಗಿ ಅಪ್ಪಣೆ ಕೊಡಿಸುತ್ತಾನೆ. ಹತ್ತಕ್ಕೆ ಏಳು ಸಲ ಸರಿಹೋಗುತ್ತದೆ. ಉಳಿದ ಮೂರು ಸಲ ಮೋಡದ ತಪ್ಪು. ವಿಜ್ಞಾನದ ಪಾಠದಲ್ಲಿ ಮಣ್ಣಿನ ಬಗೆಗಳು ಬಂದ ದಿನ ಇವನು ಎದ್ದು ನಿಂತು ಎರೆ, ಮಸಾರಿ, ಗರಸು ಎಂದು ಹೇಳುತ್ತ ಹೋದಾಗ ಅಧ್ಯಾಪಕರೇ ಬರೆದುಕೊಂಡರು. ಇವನ ಪ್ರಬಂಧದ ಶೀರ್ಷಿಕೆಯ ಕೆಳಗೆ, ಮೊದಲ ಸಾಲಿನಲ್ಲಿ, ಒಂದು ಶಬ್ದವನ್ನು ಬರೆದು ಹೊಡೆದುಹಾಕಿದೆ. ಒಂದು ಗೆರೆಯಲ್ಲ, ಮೂರು ಗೆರೆಗಳು. ಆದರೂ ಬೆಳಕಿಗೆ ಹಿಡಿದರೆ ಆ ಶಬ್ದ ಓದಬರುತ್ತದೆ: 'ಒಕ್ಕಲುತನ'. ಅದರ ಪಕ್ಕದಲ್ಲಿ, ದುಂಡಾದ ಅಕ್ಷರಗಳಲ್ಲಿ, 'ಸಾಫ್ಟ್‌ವೇರ್ ಇಂಜಿನಿಯರ್' ಎಂದಿದೆ.

ಆ ಮೂರು ಗೆರೆಗಳನ್ನು ಎಳೆಯಿಸಿದವರು ಯಾರು? ಹುಡುಗನ ಪೆನ್ನು ಎಳೆಯಿತೆಂದು ಹೇಳಿ ಸುಮ್ಮನಾಗುವಂತಿಲ್ಲ. ಓದದಿದ್ದರೆ ಮಣ್ಣು ಹೊರಲು ಹೋಗಬೇಕಾದೀತೆಂದು ತರಗತಿಯಲ್ಲಿ ಬೆದರಿಸುವ ಅಧ್ಯಾಪಕನ ಪಾಲು ಅದರಲ್ಲಿದೆ. ಮಗ ತನ್ನಂತೆ ಆಗದಿರಲಿ ಎಂದು ಹಾರೈಸುವ ತಂದೆಯ ಪಾಲೂ ಇದೆ. ಬೆಲೆಯಿಲ್ಲದ ಬೆಳೆ, ಬಾರದ ಮಳೆ, ತೀರದ ಸಾಲಗಳನ್ನು ಕಂಡ ಅವನ ಹಾರೈಕೆಯನ್ನು ಹಳಿಯುವುದು ಸಾಧ್ಯವಿಲ್ಲ. ವಾರ್ಷಿಕೋತ್ಸವದ ವೇದಿಕೆಯ ಪಾಲೂ ಇದೆ. ಹಳೆಯ ವಿದ್ಯಾರ್ಥಿಯೆಂದು ಶಾಲು ಹೊದಿಸಿಕೊಂಡವರಲ್ಲಿ ಬೇಸಾಯಗಾರನೊಬ್ಬನನ್ನು ಯಾರಾದರೂ ನೆನೆಯಬಲ್ಲರೇ? 2001ರ ಜನಗಣತಿಯಲ್ಲಿ ಭಾರತದ ಸಾಗುವಳಿದಾರರು 12.73 ಕೋಟಿ, 2011ರಲ್ಲಿ 11.88 ಕೋಟಿ. ಅದೇ ಹತ್ತು ವರುಷಗಳಲ್ಲಿ ಕೃಷಿಕೂಲಿಗಳು 10.68 ಕೋಟಿಯಿಂದ 14.43 ಕೋಟಿಗೆ ಏರಿದರು. ನೆಲವನ್ನು ತನ್ನದೆಂದು ಉಳುವವರು ಕಡಿಮೆಯಾಗಿ, ಪರರ ನೆಲದಲ್ಲಿ ದುಡಿಯುವವರು ಹೆಚ್ಚುತ್ತಿರುವಾಗ, ಮಣ್ಣನ್ನು ಬಲ್ಲ ಹುಡುಗನೊಬ್ಬನು ಆ ಬಲ್ಮೆಗೆ ನಾಚುವಂತಾದರೆ ಅದು ಅವನೊಬ್ಬನ ನಷ್ಟವಲ್ಲ.

ಶ್ರೀಮಠದ ಆಶ್ರಯದಲ್ಲಿರುವ ಶಾಲೆಗೆ ಈ ಪ್ರಶ್ನೆ ಮತ್ತಷ್ಟು ಹತ್ತಿರದ್ದು. ಪ್ರಸಾದನಿಲಯದ ಒಲೆ ಉರಿದದ್ದು ಸುಗ್ಗಿಯ ಕಾಲದಲ್ಲಿ ಊರೂರಿನಿಂದ ಬಂಡಿಗಳಲ್ಲಿ ಬಂದ ಜೋಳದಿಂದ. ಆ ಜೋಳ ಕೊಟ್ಟವರ ಕಸುಬನ್ನು ಅದೇ ಜೋಳ ಉಂಡ ಮಗು ಹೊಡೆದುಹಾಕಬೇಕೆ? ಹನ್ನೆರಡನೆಯ ಶತಮಾನದ ಶರಣರಲ್ಲಿ ಅನೇಕರ ಹೆಸರಿನ ಮುಂದೆ ಅವರ ಕಸುಬೇ ನಿಂತಿದೆ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಅದನ್ನು ಅವರು ಮರೆಮಾಚಲಿಲ್ಲ. ಆ ಹೆಸರುಗಳನ್ನು ಪಾಠದಲ್ಲಿ ಬಾಯಿಪಾಠ ಮಾಡಿಸಿ, ಪ್ರಬಂಧದಲ್ಲಿ ಕಸುಬಿಗೆ ನಾಚುವುದನ್ನು ಕಲಿಸಿದರೆ ಪಾಠವೂ ಪ್ರಬಂಧವೂ ಒಂದಕ್ಕೊಂದು ಹೊಂದುವುದಿಲ್ಲ. ತಂದೆಯ ಕಸುಬನ್ನೇ ಮಗನು ಹಿಡಿಯಬೇಕೆಂದು ಇದರ ಅರ್ಥವಲ್ಲ. ಹಾಗೆ ಹೇಳುವುದು ಹಳೆಯ ಸಂಕೋಲೆಯನ್ನು ಮತ್ತೆ ತೊಡಿಸಿದಂತೆ. ಸಾಫ್ಟ್‌ವೇರ್ ಬಯಸುವವನು ಸಾಫ್ಟ್‌ವೇರಿಗೆ ಹೋಗಲಿ. ಹೊಲವನ್ನು ಬಯಸುವವನು ಹೊಲವನ್ನು ಬಯಸುತ್ತೇನೆಂದು ಹೇಳಲು ಹೆದರದಿರಲಿ. ರಾಜ್ಯದ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಕೃಷಿಕರ ಮಕ್ಕಳಿಗೆಂದೇ ಮೀಸಲಾದ ಸೀಟುಗಳಿವೆ. ಅದಕ್ಕೆ ಬೇಸಾಯದ ಅನುಭವವನ್ನು ಅಳೆಯುವ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಎರೆ, ಮಸಾರಿ ಎಂದು ಎಣಿಸಬಲ್ಲ ಈ ಹುಡುಗನಿಗೆ ಆ ದಾರಿಯನ್ನು ತೋರಿಸಿಕೊಟ್ಟರೆ ಹೊಡೆದುಹಾಕಿದ ಶಬ್ದಕ್ಕೆ ಮರುಜನ್ಮ ಬಂದೀತು.

ಎರಡನೆಯ ಸಾಲಿನ ಹುಡುಗಿಯೊಬ್ಬಳು ಹಾಳೆಗೆ ಅಂದವಾಗಿ ಅಂಚುಗೆರೆ ಎಳೆದು, ಶೀರ್ಷಿಕೆ ಬರೆದು, ಕೆಳಗೆ ಏನನ್ನೂ ಬರೆಯದೆ ಒಪ್ಪಿಸಿದಳು. ತರಗತಿಯಲ್ಲಿ ಅವಳು ಎರಡನೆಯ ಸ್ಥಾನದವಳು. ಥ್ರೋಬಾಲ್ ತಂಡದ ನಾಯಕಿ. ಅವಳ ನಗೆ ಮೂರು ಕೋಣೆಗಳಾಚೆಗೆ ಕೇಳಿಸುತ್ತದೆಯೆಂದೂ, ಅವಳಿಂದಾಗಿ ಶಾಲೆಗೆ ಗಂಟೆಯ ಅಗತ್ಯವಿಲ್ಲವೆಂದೂ ಹಾಸ್ಯವುಂಟು. ಅಂಥವಳ ಹಾಳೆ ಬರಿದಾಗಿದೆ. ಕಾರಣ ಕೇಳಿದಾಗ, ಮನೆಯಲ್ಲಿ ಇನ್ನೂ ಏನೂ ಹೇಳಿಲ್ಲವೆಂದಳು. ಅವಳ ಆಟೋಗ್ರಾಫ್ ಪುಸ್ತಕವನ್ನು ತೆರೆದು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಹುಡುಗರ ಪುಸ್ತಕಗಳಲ್ಲಿ ಗೆಳೆಯರು 'ದೊಡ್ಡ ಮನುಷ್ಯನಾದ ಮೇಲೆ ನಮ್ಮನ್ನು ಮರೆಯಬೇಡ' ಎಂದು ಬರೆಯುತ್ತಾರೆ. ಅವಳ ಪುಸ್ತಕದ ಹಾಳೆಹಾಳೆಯಲ್ಲಿಯೂ ಇರುವುದು ಒಂದೇ ಹಾಸ್ಯ: 'ಮದುವೆಗೆ ಕರೆಯಲು ಮರೆಯಬೇಡ.' ಬರೆದವರಲ್ಲಿ ಕೆಟ್ಟ ಬುದ್ಧಿಯಿಲ್ಲ. ಗೆಳತಿಯರೇ ಬರೆದಿದ್ದಾರೆ; ತಮ್ಮ ಪುಸ್ತಕಗಳಲ್ಲಿಯೂ ಅದನ್ನೇ ಬರೆಸಿಕೊಂಡಿದ್ದಾರೆ. ಓರಗೆಯವರ ಕಣ್ಣು ಸತ್ಯವನ್ನು ಕಾಣುತ್ತದೆಂದು ಮೊದಲು ಹೇಳಿದ್ದುಂಟು. ಇಲ್ಲಿ ಮಾತ್ರ ಆ ಕಣ್ಣಿಗೂ ಹಿರಿಯರ ಕನ್ನಡಕ ಏರಿದೆ.

ಹುಡುಗಿಗೆ ಹದಿನಾರು ವರುಷ. ಮದುವೆಗೆ ಕಾಯ್ದೆ ಕೇಳುವುದು 18 ವರುಷಗಳನ್ನು. ನಡುವಿನ ಎರಡು ವರುಷಗಳೇ ಪದವಿಪೂರ್ವ ಶಿಕ್ಷಣದ ಎರಡು ವರುಷಗಳೂ ಆಗಿವೆ. ಈ ಎರಡು ವರುಷಗಳನ್ನು ಅವಳು ಓದಿನಲ್ಲಿ ಕಳೆದರೆ ಮುಂದಿನ ದಾರಿ ಬೇರೆಯಾಗುತ್ತದೆ. ಮನೆಯಲ್ಲಿ ಕುಳಿತರೆ ಗಂಡು ನೋಡುವ ಮಾತು ತಾನಾಗಿ ಬರುತ್ತದೆ. ಬಸ್ಸಿನ ದುಡ್ಡು ಈಗ ಅಡ್ಡಿಯಾಗಲಾರದು. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣವನ್ನು ಕಲ್ಪಿಸಿತು. ಅಡ್ಡಿಯಾಗಿರುವುದು ಸಂಜೆ ಊರಿಗೆ ಹೋಗುವ ಬಸ್ಸು ಇಲ್ಲದಿರುವುದು, ಪಟ್ಟಣದಲ್ಲಿ ನಂಬಿಕೆಯಿಂದ ಬಿಡಬಹುದಾದ ವಸತಿಯಿಲ್ಲದಿರುವುದು, ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ. ಇವುಗಳಲ್ಲಿ ಮೊದಲೆರಡನ್ನು ಹಣದಿಂದ ಪರಿಹರಿಸಬಹುದು. ಮೂರನೆಯದನ್ನು ಪರಿಹರಿಸಲು ಅಧ್ಯಾಪಕರು ಒಂದು ಸಂಜೆ ಆ ಮನೆಯ ಪಡಸಾಲೆಯಲ್ಲಿ ಹೋಗಿ ಕೂಡಬೇಕು. ಶಾಲೆಯ ಮಾತಿಗೆ, ಮಠದ ಮಾತಿಗೆ ಹಳ್ಳಿಯಲ್ಲಿ ಇಂದಿಗೂ ಬೆಲೆಯುಂಟು. ಆ ಬೆಲೆಯನ್ನು ಖರ್ಚುಮಾಡಲು ಇದಕ್ಕಿಂತ ಯೋಗ್ಯವಾದ ಸಂದರ್ಭ ಬಾರದು.

ಸಂಚಿಕೆಯ ಓದುಗರಲ್ಲಿ ದಾನಿಗಳಿದ್ದಾರೆ, ಹಳೆಯ ವಿದ್ಯಾರ್ಥಿಗಳಿದ್ದಾರೆ, ಅಧ್ಯಾಪಕರಿದ್ದಾರೆ. ಮೂವರಲ್ಲಿಯೂ ಒಂದೊಂದು ಬಿನ್ನಹವುಂಟು.

ದಾನಿಗಳು ಸ್ಥಾಪಿಸಿರುವ ದತ್ತಿನಿಧಿಗಳಿಂದ ಪ್ರತಿ ವರ್ಷವೂ ಹೆಚ್ಚು ಅಂಕ ಪಡೆದವರಿಗೆ ಬಹುಮಾನಗಳು ಸಲ್ಲುತ್ತಿವೆ. ಅದು ಇರಲಿ, ಬೆಳೆಯಲಿ. ಆದರೆ ಮೊದಲ ಸ್ಥಾನದವನಿಗೆ ಎಲ್ಲ ಕಡೆಯಿಂದಲೂ ಬಹುಮಾನ ಬರುತ್ತದೆ. ಐದನೆಯ ಬಟ್ಟಲು ಬೆಳ್ಳಿಯದಾದರೂ ಅವನ ಮನೆಯಲ್ಲಿ ಇಡಲು ಸ್ಥಳವಿರುವುದಿಲ್ಲ. ಇನ್ನು ಮುಂದಿನ ದತ್ತಿಯು ಬರಿದಾದ ಹಾಳೆಯ ಹುಡುಗಿಯ ಎರಡು ವರುಷಗಳ ವಸತಿಗೆ ಸಲ್ಲಲಿ. ಬಿಚ್ಚಿ ಜೋಡಿಸುವ ಕೈಗೆ ಒಂದು ಉಪಕರಣದ ಪೆಟ್ಟಿಗೆಯಾಗಿ, ಹಾಡುವ ಕಂಠಕ್ಕೆ ವಾರಕ್ಕೊಮ್ಮೆ ಬರುವ ಗುರುವಾಗಿ ಸಲ್ಲಲಿ.

ಹಳೆಯ ವಿದ್ಯಾರ್ಥಿಗಳು ಬೀಳ್ಕೊಡುಗೆಯ ದಿನ ಬಂದು ಮಾತನಾಡುತ್ತಾರೆ. ಬರುವವರು ಗೆದ್ದವರೇ, ಆಡುವ ಮಾತು ಗೆದ್ದ ಕಥೆಯೇ. ಬರೆದ ಗುರಿ ಒಂದಾಗಿ, ಸಿಕ್ಕಿದ ದಾರಿ ಇನ್ನೊಂದಾಗಿ, ಆ ದಾರಿಯಲ್ಲಿಯೇ ನೆಮ್ಮದಿಯನ್ನು ಕಂಡವರು ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಇರಬೇಕು. ಅವರು ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಚಪ್ಪಾಳೆ ತಟ್ಟಿ ಹೋಗುತ್ತಾರೆ. ಮುಂದಿನ ವರ್ಷ ವೇದಿಕೆಯ ಮೇಲೆ ಒಬ್ಬ ಅಧಿಕಾರಿಯ ಪಕ್ಕದಲ್ಲಿ ಒಬ್ಬ ಬೇಸಾಯಗಾರನೂ ಒಬ್ಬ ಮೋಟಾರು ರಿಪೇರಿಯವನೂ ಕೂಡಲಿ. ಶಾಲು ಮೂರೂ ಒಂದೇ ಬೆಲೆಯದಾಗಿರಲಿ.

ಅಧ್ಯಾಪಕರು ಪ್ರಬಂಧಗಳನ್ನು ತಿದ್ದಿ, ಅಂಕ ಹಾಕಿ, ರದ್ದಿಗೆ ಹಾಕದಿರಲಿ. ಒಂದು ಪೆಟ್ಟಿಗೆಯಲ್ಲಿಟ್ಟು ಹತ್ತು ವರುಷ ಕಾಯಲಿ. ಅಂದಿನ ಸಮ್ಮಿಲನದಲ್ಲಿ ಅವರವರ ಹಾಳೆಯನ್ನು ಅವರವರ ಕೈಗೆ ಕೊಟ್ಟರೆ ಬಹಳ ನಗೆ ಹುಟ್ಟೀತು. ಯಾರೂ ಯಾರನ್ನೂ ಅವಮಾನಿಸದ ನಗೆ. ವೈದ್ಯಾಧಿರಾಜನು ಸೂಜಿ ಹಿಡಿದಿರಲಿ, ಬಿಡಲಿ. ಮೈಕಿನ ಸ್ಕ್ರೂ ತನ್ನ ಸ್ಥಾನವನ್ನು ಕಂಡಿರಲಿ, ಬಿಡಲಿ. ಕಂದಪದ್ಯದ ಎರಡು ಮಾತ್ರೆಗಳು ಇಳಿದಿರಲಿ, ಉಳಿದಿರಲಿ.

ಆದರೆ ಅಲ್ಲಿಯವರೆಗೆ ಕಾಯಲಾಗದ ಎರಡು ಹಾಳೆಗಳು ಆ ಕಟ್ಟಿನಲ್ಲಿವೆ. ಒಂದರ ಮೇಲೆ ಮೂರು ಗೆರೆಗಳಿವೆ, ಇನ್ನೊಂದರ ಮೇಲೆ ಅಂಚುಗೆರೆಯ ಹೊರತು ಏನೂ ಇಲ್ಲ. ಪರೀಕ್ಷೆ ಮುಗಿದು ಫಲಿತಾಂಶ ಬರುವುದರೊಳಗೆ ಆ ಎರಡು ಮನೆಗಳಿಗೆ ಶಾಲೆಯಿಂದ ಯಾರಾದರೊಬ್ಬರು ಹೋಗಿ ಬರಬೇಕು. ಹೊಲದ ಹುಡುಗನ ಊರಿಗೆ ಮೊದಲ ಬಸ್ಸು ಬೆಳಿಗ್ಗೆ ಬೇಗ ಹೊರಡುತ್ತದೆ. ಹೋಗುವವರು ಅದನ್ನು ತಪ್ಪಿಸಿಕೊಳ್ಳದಿರಲಿ.